ಅರ್ಕಾವೊತ್ತು ಬಿದ್ದುಹೋದ ಸ್ಥಿರ ಆವೃತ್ತಿ

ನಾನು ಕಂಪ್ಯೂಟರ್ ಓದಿದವಳಲ್ಲ. ಜಯಲಕ್ಷ್ಮಿಪುರಂನ ಒಂದು ಖಾಸಗಿ ಗ್ರಂಥಾಲಯದಲ್ಲಿ ಪುಸ್ತಕಗಳ ಪಟ್ಟಿ ಬರೆಯುವ ಕೆಲಸಕ್ಕೆ ಸೇರಿಕೊಂಡಿದ್ದೆ. ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಅಲ್ಲಿಗೆ ಒಂದು ಕಂಪ್ಯೂಟರ್ ಬಂತು. ಆಡಳಿತ ಸಮಿತಿಯವರು ಅದಕ್ಕೆ ಹಾರ ಹಾಕಿ, ಕುಂಕುಮ ಇಟ್ಟು, ಮಂಗಳಾರತಿ ಮಾಡಿ, ಆಮೇಲೆ ಪ್ಲಾಸ್ಟಿಕ್ ಹೊದಿಕೆ ಹೊದಿಸಿ ಕೋಣೆಗೆ ಬೀಗ ಹಾಕಿದರು. ಬೀಗದ ಕೈ ನನಗೆ ಕೊಟ್ಟರು. ನಾನೇ ಯಾಕೆ ಅಂದರೆ, ಇಡೀ ಸಿಬ್ಬಂದಿಯಲ್ಲಿ ಧೂಳು ಒರೆಸುವುದರಲ್ಲಿ ಶಿಸ್ತು ಇದ್ದವಳು ನಾನೊಬ್ಬಳೇ ಎಂಬುದು ಸಮಿತಿಯ ಅಭಿಪ್ರಾಯವಾಗಿತ್ತು. ಈ ಒಂದೇ ಅರ್ಹತೆಯ ಮೇಲೆ ಮುಂದೆ ನಾನು, ಯಾವ್ಯಾವುದೋ ದೇಶದಲ್ಲಿ ಕೂತ ಕನ್ನಡಿಗರು ಬಳಸುವ ಒಂದು ತಂತ್ರಾಂಶದ ಯಾವ ಆವೃತ್ತಿಯನ್ನು ನಂಬಬಹುದು, ಯಾವುದನ್ನು ನಂಬಬಾರದು ಅಂತ ತೀರ್ಪು ಕೊಡುವ ಸ್ಥಾನಕ್ಕೆ ಏರಿದೆ. ಮೈಸೂರಿನಲ್ಲಿ ಪದವಿಗಳು ಸಿಗುವುದೇ ಹೀಗೆ.

ಮೊದಲು ನಮ್ಮಲ್ಲಿದ್ದದ್ದು ದುಡ್ಡು ಕೊಟ್ಟು ತಂದ ಕನ್ನಡ ತಂತ್ರಾಂಶ. ಅದರ ಜೊತೆಗೆ ಹೆಬ್ಬೆರಳು ಗಾತ್ರದ ಒಂದು ಸಾಧನ ಕೊಟ್ಟಿದ್ದರು. ಅದನ್ನು ಕಂಪ್ಯೂಟರಿನ ಬೆನ್ನಿಗೆ ಚುಚ್ಚಿದ್ದರೆ ಕನ್ನಡ ಬರುತ್ತಿತ್ತು, ತೆಗೆದರೆ ಬರುತ್ತಿರಲಿಲ್ಲ. ಎರಡು ವರ್ಷ ಕೂತು ಪಟ್ಟಿಯನ್ನೆಲ್ಲ ಟೈಪ್ ಮಾಡಿ ಮುಗಿಸುವ ಹೊತ್ತಿಗೆ ಆ ಸಾಧನ ಕೆಟ್ಟಿತು. ಮಾರಿದವರ ಅಂಗಡಿ ಹುಡುಕಿಕೊಂಡು ಹೋದರೆ ಅಲ್ಲಿ ಬೇಕರಿ ಇತ್ತು. ಬೇಕರಿಯಾತ ಒಳ್ಳೆಯ ಮನುಷ್ಯ. ದಿಲ್‌ಪಸಂದ್ ಕೊಟ್ಟ, ನೀರು ಕೊಟ್ಟ. ಕನ್ನಡ ಮಾತ್ರ ಅವನ ಹತ್ತಿರ ಇರಲಿಲ್ಲ.

ಈ ಸಂಕಟವನ್ನು ನಾನು ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದಾಗ ಕೇಳಿಸಿಕೊಂಡವರು ನಮ್ಮ ಸದಸ್ಯರೊಬ್ಬರು. ಹೂಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಯಂತ್ರಗಳ ದುರಸ್ತಿ ನೋಡಿಕೊಳ್ಳುವ ಎಂಜಿನಿಯರು. ಅವರ ಮನೆಯವರು ತಲೆತಲಾಂತರದಿಂದ ಒಂದು ಮಠಕ್ಕೆ ನಡೆದುಕೊಂಡವರು, ಬೆಲ್ಲದ ಮಂಡಿ ಇಟ್ಟವರು. ಇವರೊಬ್ಬರು ಮಂಡಿಯಲ್ಲಿ ಕೂರದೆ ಸ್ಪ್ಯಾನರ್ ಹಿಡಿದರು ಅಂತ ಮನೆಯಲ್ಲಿ ಇನ್ನೂ ಬೇಜಾರಿತ್ತು. ರಜೆ ಬಂದರೆ ಕಂಪ್ಯೂಟರ್ ಮುಂದೆ ಕೂತು, ಕನ್ನಡ ಟೈಪ್ ಮಾಡುವ ಒಂದು ತಂತ್ರಾಂಶವನ್ನು ತಾವೇ ಬರೆಯುತ್ತಿದ್ದರು.

"ನಂದು ಓಪನ್ ಸೋರ್ಸ್ ಮೇಡಂ. ಬೀಗ ಇಲ್ಲ, ಬೀಗದ ಕೈ ಇಲ್ಲ. ಯಾರು ಬೇಕಾದ್ರೂ ತಗೋಬಹುದು, ಒಳಗಡೆ ಬಿಚ್ಚಿ ನೋಡಬಹುದು, ತಿದ್ದಬಹುದು" ಅಂದರು.

"ಅಂದ್ರೆ ಪುಕ್ಕಟೆ?"

ಅವರ ಮುಖ ಚಿಕ್ಕದಾಯಿತು. "ಪುಕ್ಕಟೆ ಅಲ್ಲ ಮೇಡಂ, ಮುಕ್ತ. ಎರಡಕ್ಕೂ ವ್ಯತ್ಯಾಸ ಇದೆ."

ಆ ವ್ಯತ್ಯಾಸವನ್ನು ಅವರು ಅರ್ಧ ಗಂಟೆ ವಿವರಿಸಿದರು. ಸಮಿತಿಯ ಮುಂದೆ ನಾನು ಅದನ್ನೆಲ್ಲ ಒಪ್ಪಿಸಿದೆ. ಸಮಿತಿಯವರು ಗಂಭೀರವಾಗಿ ತಲೆಯಾಡಿಸಿ, ನಡಾವಳಿಯಲ್ಲಿ "ಪುಕ್ಕಟೆ ತಂತ್ರಾಂಶವನ್ನು ಸ್ವೀಕರಿಸಲಾಯಿತು" ಅಂತ ಬರೆಸಿದರು.

ತಂತ್ರಾಂಶ ಚೆನ್ನಾಗಿತ್ತು. ತೊಂದರೆ ಇದ್ದದ್ದು ಅದನ್ನು ಬರೆದವರಲ್ಲಿ. ಎಂಜಿನಿಯರಿಗೆ ಕೈ ಸುಮ್ಮನಿರುತ್ತಿರಲಿಲ್ಲ. ಪ್ರತಿ ಸೋಮವಾರ ಕಾರ್ಖಾನೆಗೆ ಹೋಗುವ ಮುಂಚೆ ಸ್ಕೂಟರ್ ನಿಲ್ಲಿಸಿ ಒಂದು ಫ್ಲಾಪಿ ಕೊಟ್ಟು ಹೋಗುತ್ತಿದ್ದರು. ಅದರ ಮೇಲೆ "ಫೈನಲ್" ಅಂತ ಬರೆದಿರುತ್ತಿತ್ತು. ಮುಂದಿನ ಸೋಮವಾರ "ಫೈನಲ್ ಎರಡು". ಅದರ ಮುಂದಿನ ವಾರ "ನಿಜವಾದ ಫೈನಲ್". ನಾನು ಮುಗ್ಧೆ, ಕೊಟ್ಟದ್ದನ್ನೆಲ್ಲ ಕಂಪ್ಯೂಟರಿಗೆ ಹಾಕುತ್ತಿದ್ದೆ. "ನಿಜವಾದ ಫೈನಲ್" ಹಾಕಿದ ದಿನ ನಮ್ಮ ಪಟ್ಟಿಯಲ್ಲಿದ್ದ ಳಕಾರಗಳೆಲ್ಲ ಲಕಾರಗಳಾದವು. ಕೊಳಲಿನ ಬಗ್ಗೆ ಇದ್ದ ಪುಸ್ತಕ ಕೊಲಲಿನ ಬಗ್ಗೆ ಆಯಿತು. ಬೆಳೆಯ ವಿಭಾಗದಲ್ಲಿದ್ದದ್ದೆಲ್ಲ ಬೆಲೆಯ ವಿಭಾಗಕ್ಕೆ ಹೋಯಿತು.

ಸಂಜೆ ಎಂಜಿನಿಯರು ಬಂದಾಗ ನಾನು ಬಾಗಿಲಲ್ಲೇ ತಡೆದೆ. "ರೀ, ನಿಮ್ಮ ಪ್ರಯೋಗಕ್ಕೆ ನನ್ನ ಪಟ್ಟಿ ಯಾಕ್ರೀ ಬೇಕು? ನಿಮ್ಮ ಕಾರ್ಖಾನೆಯಲ್ಲಿ ಹೊಸ ಬೋಲ್ಟ್ ಬಂದ್ರೆ ಸೀದಾ ಓಡೋ ಯಂತ್ರಕ್ಕೆ ಹಾಕಿಬಿಡ್ತೀರಾ?"

"ಛೆ, ಛೆ. ಮೊದಲು ಪಕ್ಕದಲ್ಲಿ ಇಟ್ಟು ಪರೀಕ್ಷೆ ಮಾಡ್ತೀವಿ."

"ಹಾಗಾದ್ರೆ ಇಲ್ಲೂ ಮಾಡಿ."

ಅವರು, "ದೊಡ್ಡ ದೊಡ್ಡ ತಂತ್ರಾಂಶಗಳಲ್ಲಿ ಹಾಗೇ ಮಾಡ್ತಾರೆ ಮೇಡಂ. ಪರೀಕ್ಷೆಗೆ ಅಂತ ಒಂದು ಆವೃತ್ತಿ ಬಿಡ್ತಾರೆ, ಧೈರ್ಯ ಇದ್ದವರು ಹಾಕ್ಕೋತಾರೆ. ಅದು ಪಾಸಾದ ಮೇಲೆ ಸ್ಥಿರ ಆವೃತ್ತಿ. ಆದರೆ ಅದಕ್ಕೆಲ್ಲ ಬೇರೆ ಒಬ್ಬರು ಇರಬೇಕು. ಬರೆದವರೇ ಪಾಸ್ ಮಾಡೋ ಹಾಗಿಲ್ಲ" ಅಂದರು. ಹೇಳಿ ನನ್ನ ಮುಖವನ್ನೇ ನೋಡಿದರು. ನನ್ನ ಕೈಯಲ್ಲಿ ಧೂಳು ಒರೆಸುವ ಬಟ್ಟೆ ಇತ್ತು. ನಾನು ಒಪ್ಪಿಕೊಂಡೆ.

ನಾನು ಮಾಡಿದ ನಿಯಮ ಬಹಳ ಸರಳ. ಅಂತರಜಾಲದಲ್ಲಿ ನಮ್ಮ ತಂತ್ರಾಂಶ ಇಡುವ ಜಾಗದಲ್ಲಿ ಎರಡು ಕಡತಕೋಶ, ಒಂದು "ಪರೀಕ್ಷೆ", ಇನ್ನೊಂದು "ಸ್ಥಿರ". ಎಂಜಿನಿಯರು ಮೊದಲನೆಯದರಲ್ಲಿ ಏನು ಬೇಕಾದರೂ ಹಾಕಬಹುದು. ಎರಡನೆಯದರ ಗುಪ್ತಪದ ನನ್ನ ಹತ್ತಿರ ಮಾತ್ರ. ಯಾವುದೇ ಆವೃತ್ತಿ ನಾಲ್ಕು ವಾರ ಪರೀಕ್ಷೆಯಲ್ಲಿರಬೇಕು. ಮೂರು ಜನ ಅದನ್ನು ತಮ್ಮ ನಿಜವಾದ ಕೆಲಸಕ್ಕೆ ಬಳಸಿ, ನೋಟ್‌ಬುಕ್ಕಿನಲ್ಲಿ ರುಜು ಹಾಕಬೇಕು. ಆಮೇಲೆಯೇ ಅದಕ್ಕೆ ಸ್ಥಿರ ಅನ್ನುವ ಹೆಸರು.

"ಇದೇನು ಮೇಡಂ, ತಾಲ್ಲೂಕು ಕಚೇರಿ ಮಾಡಿಬಿಟ್ರಲ್ಲ!" ಅಂತ ಎಂಜಿನಿಯರು ಗೊಣಗಿದರು. ಆದರೆ ಪಾಲಿಸಿದರು.

ರುಜು ಹಾಕುವ ಮೂವರಲ್ಲಿ ನಾನೊಬ್ಬಳು. ಎರಡನೆಯವರು ನಮ್ಮ ಪಂಡಿತರು, ನಿವೃತ್ತ ಕನ್ನಡ ಮೇಷ್ಟ್ರು. ಅವರ ಮುತ್ತಾತ ಅರಮನೆಯಲ್ಲಿ ಓಲೆಗರಿ ಓದಿ ಹೇಳುತ್ತಿದ್ದವರಂತೆ. ಈ "ಅಂತೆ" ನಾನು ಸೇರಿಸಿದ್ದು, ಅವರು ಎಂದೂ ಸೇರಿಸಲಿಲ್ಲ. ಗ್ರಂಥಾಲಯದ ಹಿಂದಿನ ಬೀದಿಯಲ್ಲಿ ಅವರ ಮನೆ. ಹಳೆಯ ಪದಗಳ ಒಂದು ಕೋಶ ತಯಾರಿಸುತ್ತಿದ್ದರು, ಅದಕ್ಕೆ ನಮ್ಮ ತಂತ್ರಾಂಶ ಬಳಸುತ್ತಿದ್ದರು. ತಪ್ಪು ಕಂಡರೆ ಒಂದು ಸಾಲು ಬರೆದುಕೊಡಿ ಸಾರ್ ಅಂದರೆ ಅವರು ಎಂಟು ಪುಟ ಬರೆದುಕೊಡುತ್ತಿದ್ದರು. ಮೊದಲನೆಯ ಪುಟದಲ್ಲಿ ನಾಡುನುಡಿಯ ದುಃಸ್ಥಿತಿ, ಎರಡನೆಯದರಲ್ಲಿ ಈಗಿನ ಪಠ್ಯಪುಸ್ತಕಗಳು, ಮೂರನೆಯದರಲ್ಲಿ ಅವರ ಮುತ್ತಾತ. ತಂತ್ರಾಂಶ ಎಲ್ಲೋ ಕೊನೆಗೆ, ಆಯಾಸಗೊಂಡು ಬರುತ್ತಿತ್ತು.

ಮೂರನೆಯವರು ಇಲವಾಲದ ಒಬ್ಬ ಹೆಂಗಸು. ಬಸ್‌ಸ್ಟಾಪಿನ ಎದುರು ಒಂದು ಟೈಪಿಂಗ್ ಅಂಗಡಿ ಇಟ್ಟುಕೊಂಡಿದ್ದರು. ನಾಡಕಚೇರಿಗೆ ಕೊಡುವ ಅರ್ಜಿ, ಖಾತೆ ಬದಲಾವಣೆಯ ಕಾಗದ, ಮದುವೆ ಕಾರ್ಡಿನ ಕರಡು, ಎಲ್ಲ ಅಲ್ಲೇ. ಅವರಿಗೂ ಆ ಬೇಕರಿಯಾದ ಅಂಗಡಿಯವರೇ ಕನ್ನಡ ಮಾರಿದ್ದರು. ಹಾಗೆ ನಮ್ಮನ್ನು ಹುಡುಕಿಕೊಂಡು ಬಂದರು. ಇಲವಾಲದಲ್ಲಿ ಆಗ ಇಂಟರ್ನೆಟ್ ಅನ್ನುವುದು ಫೋನ್ ಕೂಗುವ ಶಬ್ದಕ್ಕೆ ಮಾತ್ರ ಸೀಮಿತವಾಗಿತ್ತು. ಆದ್ದರಿಂದ ಪರೀಕ್ಷಾ ಆವೃತ್ತಿಯನ್ನು ಸೀಡಿಗೆ ಹಾಕಿ, ಹುಣಸೂರು ಕಡೆಯ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೆವು. ನಾಲ್ಕು ವಾರ ಕಳೆದ ಮೇಲೆ ಅದೇ ಬಸ್ಸಿನಲ್ಲಿ ಒಂದು ಚೀಟಿ ಬರುತ್ತಿತ್ತು: "ನೋಡಿದೆ. ಸರಿಯಾಗಿ ಅದೆ." ಕೆಳಗೆ ರುಜು. ಸರಿ ಇಲ್ಲದಿದ್ದರೆ ಚೀಟಿಯ ಜೊತೆ ಕೆಟ್ಟ ಹಾಳೆಯನ್ನೇ ಮಡಿಸಿ ಇಟ್ಟಿರುತ್ತಿದ್ದರು, ತಪ್ಪಿನ ಸುತ್ತ ಕೆಂಪು ಸುತ್ತು. ಪಂಡಿತರ ಎಂಟು ಪುಟಕ್ಕಿಂತ ಎಂಜಿನಿಯರಿಗೆ ಆ ಕೆಂಪು ಸುತ್ತು ಹೆಚ್ಚು ಅರ್ಥವಾಗುತ್ತಿತ್ತು.

ಎರಡು ವರ್ಷ ಹೀಗೆ ನಡೆಯಿತು. ಹೊರದೇಶಗಳಿಂದ ಮೇಲ್ ಬರತೊಡಗಿದವು. ಯಾರೋ ಹೊಗಳುತ್ತಿದ್ದರು, ಯಾರೋ ಅದು ಬೇಕು ಇದು ಬೇಕು ಅನ್ನುತ್ತಿದ್ದರು. ಎಂಜಿನಿಯರು ಆ ಮೇಲ್‌ಗಳನ್ನು ಪ್ರಿಂಟ್ ತೆಗೆದು ಜೇಬಿನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದರು. ನಾನು ಹಾಗೆ ಮಾಡುತ್ತಿರಲಿಲ್ಲ. ನನ್ನವು ಮೇಜಿನ ಡ್ರಾಯರಿನಲ್ಲಿ ಇರುತ್ತಿದ್ದವು.

ಹಾಗೆ ಬಂದ ಬೇಡಿಕೆಗಳಲ್ಲಿ ಒಂದು "ರ‍್ಯಾಂಕ್" ಎಂಬ ಪದದ್ದು. ನಮ್ಮ ತಂತ್ರಾಂಶದಲ್ಲಿ ಆ ಪದ ಟೈಪ್ ಮಾಡಿದರೆ ಮೊದಲಿಗೆ ರಕಾರ ಬರುತ್ತಿರಲಿಲ್ಲ. "ಯಾ" ಬಂದು, ಅದರ ಪಕ್ಕಕ್ಕೆ ಅರ್ಕಾವೊತ್ತು ಅಂಟಿಕೊಳ್ಳುತ್ತಿತ್ತು. ಸೂರ್ಯ, ಕಾರ್ಯ ಇವಕ್ಕೆಲ್ಲ ಅದು ಸರಿ, ರ‍್ಯಾಂಕಿಗೆ ತಪ್ಪು. ಮಕ್ಕಳಿಗೆ ರ‍್ಯಾಂಕ್ ಬರುವ ಊರುಗಳಿಂದ ದೂರಿನ ಮೇಲೆ ದೂರು. ಎಂಜಿನಿಯರು ಒಂದು ತಿಂಗಳು ಅದರ ಹಿಂದೆ ಬಿದ್ದು, ಕೊನೆಗೆ ಸರಿಮಾಡಿದರು. ಪರೀಕ್ಷೆಗೆ ಹಾಕಿದರು.

ಸರಿಯಾಗಿ ಆಗಲೇ ನಗರದಲ್ಲಿ ಒಂದು ಭಾಷಾ ಸಮ್ಮೇಳನ ನಡೆಸುವ ಉತ್ಸಾಹಿಗಳ ಗುಂಪು ಗ್ರಂಥಾಲಯಕ್ಕೆ ಬಂತು. ಅವರ ಅಧ್ಯಕ್ಷರು ಶಾಲು ಹೊದ್ದುಕೊಂಡೇ ಬಂದಿದ್ದರು. ಬಹುಶಃ ಯಾರಾದರೂ ಹೊದಿಸುವವರೆಗೆ ಕಾಯುವ ತಾಳ್ಮೆ ಇರಲಿಲ್ಲ.

"ನಿಮ್ಮ ತಂತ್ರಾಂಶದ ಸೀಡಿ ವೇದಿಕೆ ಮೇಲೆ ಬಿಡುಗಡೆ ಆಗ್ಬೇಕು ತಾಯಿ" ಅಂದರು. "ಇತ್ತೀಚಿನದ್ದೇ ಇರ್ಬೇಕು, ಸ್ಥಿರವೂ ಆಗಿರ್ಬೇಕು. ಶುಕ್ರವಾರದೊಳಗೆ ಕೊಡಿ. ಸೀಡಿ ಮೇಲೆ ನಿಮ್ಮ ಇಬ್ಬರ ಹೆಸರೂ ಅಚ್ಚಾಗುತ್ತೆ."

ಅಂದು ಮಂಗಳವಾರ. ರ‍್ಯಾಂಕ್ ಇರುವ ಆವೃತ್ತಿ ಪರೀಕ್ಷೆಗೆ ಬಂದು ಒಂದೇ ದಿನವಾಗಿತ್ತು.

"ಹಳೇ ಸ್ಥಿರ ಆವೃತ್ತಿ ಕೊಡೋಣ" ಅಂದೆ ನಾನು. ಇದು ನಾನು ಆ ವಾರ ಆಡಿದ ಒಂದೇ ಒಂದು ಬುದ್ಧಿವಂತಿಕೆಯ ಮಾತು.

"ಅಷ್ಟು ಜನರ ಎದುರಿಗೆ ರ‍್ಯಾಂಕ್ ಬರದೇ ಇರೋದನ್ನ ಕೊಡೋದಾ ಮೇಡಂ?" ಎಂಜಿನಿಯರು ಹೆಚ್ಚೂಕಡಿಮೆ ಬೇಡಿಕೊಂಡರು. "ಬದಲಾಯಿಸಿರೋದು ಹತ್ತೇ ಹತ್ತು ಸಾಲು. ಅದರಲ್ಲಿ ಏನ್ ಕೆಡುತ್ತೆ?"

ನಾನು ಯೋಚಿಸುತ್ತೇನೆ ಅಂದೆ. ನಿಜ ಹೇಳಬೇಕೆಂದರೆ ನಾನು ಯೋಚಿಸಿದ್ದು ಸೀಡಿಯ ಮೇಲೆ ನನ್ನ ಹೆಸರು ಯಾವ ಬಣ್ಣದಲ್ಲಿ ಬರುತ್ತದೆ ಅಂತ. ಬುಧವಾರ, ಗುರುವಾರ ಕೂತು ಟೈಪ್ ಮಾಡಿ ನೋಡಿದೆ. ಪರದೆಯ ಮೇಲೆ ಎಲ್ಲ ಸರಿಯಾಗಿತ್ತು. ನೋಟ್‌ಬುಕ್ಕಿನಲ್ಲಿ ನನ್ನ ರುಜು ಹಾಕಿದೆ. ಪಂಡಿತರು ಗುರುವಾರ ಮಧ್ಯಾಹ್ನ ಕೊಡೆ ಹಿಡಿದು ಬಂದು ಏಳು ಪುಟ ಕೊಟ್ಟು, "ಪೂರ್ತಿ ಓದಮ್ಮ" ಅಂದರು. ಓದುತ್ತೇನೆ ಸಾರ್ ಅಂದೆ. ಮೊದಲ ಎರಡು ಪುಟ ಓದಿದೆ. ಪಠ್ಯಪುಸ್ತಕಗಳು ಬಂದವು. ಎತ್ತಿಟ್ಟೆ. ಅವರ ರುಜು ಕೊನೆಯ ಪುಟದಲ್ಲಿ ಹೇಗೂ ಇತ್ತಲ್ಲ, ಅದನ್ನೇ ಎರಡನೆಯ ರುಜು ಅಂತ ಲೆಕ್ಕಕ್ಕೆ ತೆಗೆದುಕೊಂಡೆ.

ಉಳಿದದ್ದು ಇಲವಾಲ. ಬಸ್ಸಿನಲ್ಲಿ ಸೀಡಿ ಕಳಿಸಿ ಚೀಟಿ ತರಿಸುವುದಕ್ಕೆ ಸಮಯವಿರಲಿಲ್ಲ. ಅವರ ಅಂಗಡಿಯ ಪಕ್ಕದ ಮನೆಗೆ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಇನ್ನೊಮ್ಮೆ ಮಾಡಿದೆ. ಆಮೇಲೆ ಪೆನ್ನು ತೆಗೆದುಕೊಂಡು ಮೂರನೆಯ ಸಾಲಿನಲ್ಲಿ "ಫೋನಿನಲ್ಲಿ ಒಪ್ಪಿಗೆ ನೀಡಿರುತ್ತಾರೆ" ಅಂತ ಬರೆದೆ. ನಿಯಮ ಮಾಡಿದವಳೂ ನಾನೇ, ಅದಕ್ಕೆ ಕಳ್ಳ ಬಾಗಿಲು ಇಟ್ಟವಳೂ ನಾನೇ. ಎಂಜಿನಿಯರು ಹೇಳಿದ್ದ ತಾಲ್ಲೂಕು ಕಚೇರಿ ಅಂದು ಪೂರ್ತಿಯಾಯಿತು.

ಸಮ್ಮೇಳನ ಅದ್ಭುತವಾಗಿ ನಡೆಯಿತು. ಒಂದೇ ಒಂದು ತಪ್ಪು ಕೂಡ ಕಾಣಿಸಲಿಲ್ಲ, ಯಾಕೆಂದರೆ ಯಾರೂ ಸೀಡಿಯನ್ನು ಕಂಪ್ಯೂಟರಿಗೆ ಹಾಕಲಿಲ್ಲ. ವೇದಿಕೆಯ ಮೇಲೆ ಏಳು ಜನ ಅದನ್ನು ಎದೆಗೆ ಹಿಡಿದು ಫೋಟೋ ತೆಗೆಸಿಕೊಂಡರು. ಒಬ್ಬರು ಅದನ್ನು ತಲೆಕೆಳಗಾಗಿ ಹಿಡಿದಿದ್ದರು. ಇನ್ನೊಬ್ಬರು ಅದರಲ್ಲಿ ಮುಖ ನೋಡಿಕೊಂಡು ಕೂದಲು ಸರಿಮಾಡಿಕೊಂಡರು. ನನ್ನ ಹೆಸರು ಹಸಿರು ಬಣ್ಣದಲ್ಲಿತ್ತು. ಮನೆಗೆ ಬಂದು ಅತ್ತೆಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, "ಇದರಲ್ಲಿ ಯಾವ ಭಜನೆ ಇದೆ?" ಅಂತ ಕೇಳಿದರು.

ಮೂರು ವಾರದ ನಂತರ, ಒಂದು ಬೆಳಿಗ್ಗೆ ಗ್ರಂಥಾಲಯದ ಬಾಗಿಲು ತೆರೆಯುವಾಗಲೇ ಇಲವಾಲದ ಹೆಂಗಸು ಮೆಟ್ಟಿಲ ಮೇಲೆ ಕೂತಿದ್ದರು. ತೊಡೆಯ ಮೇಲೆ ಒಂದು ದಪ್ಪ ಕಾಗದದ ಕಟ್ಟು.

"ಬೆಳಿಗ್ಗೆ ಮೊದಲ್ನೇ ಬಸ್ಸಿಗೇ ಬಂದ್ಬುಟ್ಟೆ ಕಣಕ್ಕ" ಅಂದರು. "ಇದ ನೋಡಿ ಸ್ವಲ್ಪ."

ಕಟ್ಟು ಬಿಚ್ಚಿದೆ. ವೃದ್ಧಾಪ್ಯ ವೇತನ ಕೇಳಿ ಬರೆದ ಅರ್ಜಿಗಳು. ಮೇಲೆ ದಪ್ಪ ಅಕ್ಷರದಲ್ಲಿ ಅರ್ಜಿ ಅಂತ ಇರಬೇಕಾದ ಕಡೆ "ಅಜಿ" ಅಂತಿತ್ತು. ನಾನು ಓದುತ್ತ ಹೋದೆ. "ನನಗೆ ಎಪ್ಪತ್ತು ವಷ ವಯಸ್ಸಾಗಿದ್ದು, ಆಥಿಕವಾಗಿ ದುಬಲಳಾಗಿದ್ದು, ಸಕಾರದ ವೇತನಕ್ಕೆ ಅಹಳಾಗಿರುತ್ತೇನೆ." ಒಂದೇ ಒಂದು ಅರ್ಕಾವೊತ್ತು ಉಳಿದಿರಲಿಲ್ಲ. ಒಂದರ ಕೆಳಗೊಂದು ಮೂವತ್ತು ಅರ್ಜಿ, ಎಲ್ಲದರ ಕೆಳಗೂ ನೀಲಿ ಹೆಬ್ಬೆಟ್ಟು.

"ಕಚೇರಿಯಿಂದ ಎಲ್ಲಾನೂ ವಾಪಸ್ ಕಳಿಸವ್ರೆ. ಇದ್ಯಾವ ಭಾಷೆ ಅಂತ ಕೇಳ್ತಾರೆ" ಅಂದರು. "ಕ್ಯಾಂಪು ಅಂತ ಜನ ಜಾಸ್ತಿ ಬಂದಿದ್ರು. ಕಂಪ್ಯೂಟರ್‌ನಲ್ಲಿ ನೋಡ್ದೆ, ಸರಿಯಾಗೇ ಇತ್ತು. ಪ್ರಿಂಟು ಕೊಟ್ಟೆ. ರಿಬ್ಬನ್ ಬೇರೆ ಮಂಕಾಗಿತ್ತು, ಗಮನ ಕೊಡ್ಲಿಲ್ಲ. ಹೆಬ್ಬೆಟ್ಟು ಒತ್ತೋರು ಓದ್ತಾರಾ? ನನ್ನ ನಂಬ್ಕಂಡು ಒತ್ತಿದ್ರು."

"ಈ ಆವೃತ್ತಿ ನಿಮಗೆ ಎಲ್ಲಿ ಸಿಕ್ತು?" ಅಂತ ಕೇಳಿದೆ. ಗೊತ್ತಿದ್ದೂ ಕೇಳಿದೆ.

"ಸಮ್ಮೇಳನಕ್ಕೆ ಹೋದೋರು ತಂದ್ಕೊಟ್ರು. ಮೇಲ್ಗಡೆ ಸ್ಥಿರ ಅಂತ ಬರ್ದಿತ್ತಲ್ಲಕ್ಕ. ನಿಮ್ಮ ಹೆಸರು ಬೇರೆ ಇತ್ತು. ನಾನು ಸೈನ್ ಹಾಕ್ದೇನೇ ಎಂಗೆ ಸ್ಥಿರ ಆಯ್ತು ಅಂತ ಒಂದ್ ಗಳಿಗೆ ಅನ್ನಿಸ್ತು. ಆಮೇಲೆ, ಅಕ್ಕ ನೋಡಿರ್ತಾರೆ ಬುಡು ಅಂದ್ಕಂಡೆ."

ನನಗೆ ಅವರ ಮುಖ ನೋಡಲಾಗಲಿಲ್ಲ. ನೋಟ್‌ಬುಕ್ ಅಲ್ಲೇ ಮೇಜಿನ ಮೇಲಿತ್ತು. ಅವರು ಅದನ್ನು ಕೇಳಲಿಲ್ಲ. ಕೇಳದಿದ್ದರೂ ನಾನೇ ತೆರೆದು ಆ ಸಾಲು ತೋರಿಸಿದೆ. ಧೈರ್ಯದಿಂದಲ್ಲ. ಬೇರೆ ಯಾರಾದರೂ ತೋರಿಸುವುದಕ್ಕಿಂತ ನಾನೇ ತೋರಿಸುವುದು ಮೇಲು ಅನ್ನಿಸಿತು. ಅವರು ಬೆರಳಿಟ್ಟು ಓದಿದರು. ಎರಡು ಸಲ ಓದಿದರು.

"ನಾನು ಫೋನಲ್ಲಿ ಒಪ್ಪಿದ್ನಾ?"

"ಇಲ್ಲ."

"ಅಲ್ಲಕ್ಕಾ, ನಂದು ಟೈಪಿಂಗ್ ಅಂಗ್ಡಿ. ಬರ್ದಿರೋದೇ ನಂಬೋದು ನಾವು" ಅಂದರು ಅಷ್ಟೇ. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಅವರಿಗೆ ಕಾಫಿ ತರಿಸಿ, ಪಂಡಿತರ ಆ ಏಳು ಪುಟ ಹುಡುಕಿ ತೆಗೆದೆ. ಆರನೆಯ ಪುಟದ ಕೆಳಗೆ, ಮುತ್ತಾತ ಮುಗಿದ ಮೇಲೆ, ದುಂಡಗಿನ ಅಕ್ಷರದಲ್ಲಿ ಬರೆದಿದ್ದರು: "ಮುದ್ರಿತ ಪ್ರತಿಯಲ್ಲಿ ರೇಫವು ಸರ್ವತ್ರ ಲೋಪವಾಗಿರುತ್ತದೆ. ಇದನ್ನು ಸರಿಪಡಿಸುವವರೆಗೆ ಈ ಆವೃತ್ತಿಯನ್ನು ಯಾರಿಗೂ ಕೊಡತಕ್ಕದ್ದಲ್ಲ." ಸ್ಪಷ್ಟವಾಗಿ, ಅಡಿಗೆರೆ ಎಳೆದು. ಇಡೀ ಮೈಸೂರಿನಲ್ಲಿ ಆ ಆವೃತ್ತಿಯನ್ನು ಪ್ರಿಂಟ್ ತೆಗೆದು ನೋಡಿದವರು ಅವರೊಬ್ಬರೇ. ನಾನು ಅವರ ವಿರೋಧವನ್ನೇ ಒಪ್ಪಿಗೆ ಅಂತ ಬರೆದುಕೊಂಡಿದ್ದೆ.

ಮಧ್ಯಾಹ್ನ ಅವರ ಮನೆಗೆ ಹೋದೆ. ವರಾಂಡದಲ್ಲಿ ಕೂತಿದ್ದರು. "ಸಾರ್, ನಾನು ಎರಡೇ ಪುಟ ಓದಿದ್ದು" ಅಂದೆ.

"ಗೊತ್ತಮ್ಮ. ಮೂವತ್ತೈದು ವರ್ಷ ಪಾಠ ಹೇಳಿದೀನಿ, ಓದಿಲ್ಲದೇ ಇರೋರ ಮುಖ ನಂಗೆ ಗೊತ್ತಾಗುತ್ತೆ. ಸೀಡಿ ಬಂದಾಗಲೇ ತಿಳೀತು. ಹೇಳೋಣ ಅಂದ್ಕೊಂಡೆ. ಆಮೇಲೆ, ಓದದವರಿಗೆ ಹೇಳಿ ಏನು ಅಂತ ಸುಮ್ಮನಾದೆ. ಅದು ನನ್ನ ಜಂಬ" ಅಂದರು. ಆಮೇಲೆ, "ಯಾರಿಗಾದರೂ ತೊಂದರೆ ಆಯ್ತಾ?" ಅಂತ ಕೇಳಿದರು. ಮೂವತ್ತು ಮುದುಕ ಮುದುಕಿಯರಿಗೆ ಅಂದೆ. ಅವರು ಎದ್ದು ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದರು, ಆಗಲೇ ಹೊರಡುವವರ ಹಾಗೆ.

ಹೊರಟದ್ದು ಭಾನುವಾರ. ಎಂಜಿನಿಯರು, ಪಂಡಿತರು, ನಾನು. ಎಂಜಿನಿಯರು ಬಸ್ಸಿನಲ್ಲಿ ದಾರಿಯುದ್ದಕ್ಕೂ ತಪ್ಪು ಎಲ್ಲಿ ಆಗಿದೆ ಅಂತ ವಿವರಿಸಿದರು. ಒಂದು ರ‍್ಯಾಂಕಿನ ರಕಾರವನ್ನು ಕಾಪಾಡಲು ಹೋಗಿ, ಪ್ರಿಂಟಿಗೆ ಹೋಗುವ ದಾರಿಯಲ್ಲಿ ಉಳಿದ ಎಲ್ಲ ಅರ್ಕಾವೊತ್ತುಗಳನ್ನೂ ಕೈಬಿಟ್ಟಿದ್ದರಂತೆ. "ಒಂದು ರ‍್ಯಾಂಕಿಗೋಸ್ಕರ ಉಳಿದವರನ್ನೆಲ್ಲ ಕೈಬಿಡೋದು ನಮ್ಮ ಶಾಲೆಗಳೂ ಮಾಡ್ತವೆ ಬಿಡಿ" ಅಂದರು ಪಂಡಿತರು. ಎಂಜಿನಿಯರು ಕಿಟಕಿಯ ಕಡೆಗೆ ತಿರುಗಿಕೊಂಡರು.

ಅಂಗಡಿಯಲ್ಲಿ ಹಳೆಯ ಸ್ಥಿರ ಆವೃತ್ತಿ ಹಾಕಿ, ಮೂವತ್ತು ಅರ್ಜಿಗಳನ್ನೂ ಹೊಸದಾಗಿ ಟೈಪ್ ಮಾಡಿದೆವು. ಆ ಹೆಂಗಸು ಮತ್ತು ನಾನು ಸರದಿಯಲ್ಲಿ ಕೂತೆವು. ಪಂಡಿತರು ಒಂದೊಂದು ಹಾಳೆಯನ್ನೂ ಬಾಗಿಲ ಬೆಳಕಿಗೆ ಹಿಡಿದು ಓದಿ, ಅರ್ಕಾವೊತ್ತುಗಳನ್ನು ಎಣಿಸಿದರು. ನಡುವೆ "ದುರ್ಬಲಳಾಗಿದ್ದು" ಅನ್ನುವುದಕ್ಕಿಂತ "ಅಶಕ್ತಳಾಗಿದ್ದು" ಒಳ್ಳೆಯದಲ್ಲವೇ ಅಂತ ಚರ್ಚೆ ತೆಗೆದರು. "ಸಾರ್, ಕಚೇರಿಲಿ ಅಂಗೇ ಬರೀಬೇಕು, ಇಲ್ದಿದ್ರೆ ತಗಳಲ್ಲ" ಅಂತ ಆ ಹೆಂಗಸು ಹೇಳಿದ ಮೇಲೆ ಬಿಟ್ಟರು. ನನಗೆ ತಿಳಿದ ಮಟ್ಟಿಗೆ ಅವರು ವ್ಯಾಕರಣದಲ್ಲಿ ಸೋಲೊಪ್ಪಿದ್ದು ಅದೊಂದೇ ಸಲ.

ಹೆಬ್ಬೆಟ್ಟು ಮತ್ತೆ ಒತ್ತಿಸಬೇಕಿತ್ತು. ಶಾಯಿಪ್ಯಾಡ್ ಹಿಡಿದು ಎಂಜಿನಿಯರು ಮನೆ ಮನೆಗೆ ಹೋದರು, ಜೊತೆಗೆ ನಾನು. ಅವರು ಅಲ್ಲಿಯವರೆಗೆ ತಮ್ಮ ತಂತ್ರಾಂಶ ಬಳಸುವವರು ಅಂದರೆ ದೂರದೇಶದಿಂದ ಮೇಲ್ ಬರೆಯುವವರು ಅಂದುಕೊಂಡಿದ್ದರು. ಜಗಲಿಯ ಮೇಲೆ ಸೊಪ್ಪು ಬಿಡಿಸುತ್ತ ಕೂತ ಮುದುಕಿಯ ಎದುರು ಕುಕ್ಕರುಗಾಲಲ್ಲಿ ಕೂತು, "ಅಜ್ಜಿ, ಇನ್ನೊಂದು ಸಲ ಒತ್ತಬೇಕಿತ್ತು" ಅಂದರು.

"ಯಾಕಪ್ಪಾ? ಆವತ್ತೊತ್ತಿದ್ದು ಏನಾಯ್ತು?"

"ನನ್ನಿಂದ ಒಂದು ತಪ್ಪಾಗಿತ್ತು ಅಜ್ಜಿ."

"ನೀನ್ಯಾರು? ಕಚೇರಿಯೋನಾ?"

"ಅಲ್ಲ. ಅಕ್ಷರ ಮಾಡೋನು."

ಮುದುಕಿ ಅವರನ್ನು ಮೇಲಿಂದ ಕೆಳಗಿನವರೆಗೆ ನೋಡಿ, ಅಕ್ಷರವನ್ನೂ ಯಾರೋ ಮಾಡುತ್ತಾರೆ ಎಂಬ ಸುದ್ದಿಗೆ ಸ್ವಲ್ಪವೂ ಆಶ್ಚರ್ಯಪಡದೆ ಹೆಬ್ಬೆರಳು ಚಾಚಿದರು. ಎಂಜಿನಿಯರು ಬೆರಳನ್ನು ಹಿಡಿದು ಒತ್ತಿಸಿ, ತಮ್ಮ ಕರವಸ್ತ್ರದಲ್ಲಿ ಶಾಯಿ ಒರೆಸಿದರು. ಸಂಜೆಯ ಹೊತ್ತಿಗೆ ಆ ಕರವಸ್ತ್ರ ಪೂರ್ತಿ ನೀಲಿಯಾಗಿತ್ತು.

ಒಬ್ಬ ಮುದುಕಪ್ಪ ಮಾತ್ರ ಏನು ಮಾಡಿದರೂ ಒಪ್ಪಲಿಲ್ಲ. "ಒಂದ್ಸಲ ಒತ್ತಿದೀನಿ, ಅಷ್ಟೇ. ಎರಡೆರಡು ಸಲ ಒತ್ತುಸ್ಕಂಡು ಹೊಲ ಬರ್ಸ್ಕೊಂಡೋರ ನಾನು ನೋಡಿದೀನಿ" ಅಂತ ಬಾಗಿಲು ಹಾಕಿಕೊಂಡರು. ಅವರ ಹಳೆಯ ಅಜಿಯ ಮೇಲೆಯೇ ಪಂಡಿತರು ಕಪ್ಪು ಪೆನ್ನಿನಿಂದ, ಎಲ್ಲ ಅರ್ಕಾವೊತ್ತುಗಳನ್ನೂ ಕೈಯಲ್ಲಿ ಬರೆದರು. ಒಂದೊಂದೂ ಅಚ್ಚಿನಲ್ಲಿ ಹೊಯ್ದ ಹಾಗಿತ್ತು. ಕಚೇರಿಯಲ್ಲಿ ಮೊದಲು ಮಂಜೂರಾದದ್ದು ಅದೇ ಅರ್ಜಿ. ಕಂಪ್ಯೂಟರಿನಲ್ಲಿ ಮಾಡಿದ ಇಪ್ಪತ್ತೊಂಬತ್ತು ಇನ್ನೂ ಎರಡು ತಿಂಗಳು ಅಲ್ಲೇ ಇದ್ದವು. ನಮ್ಮಿಂದ ಆದ ತಡ ಒಂದು ತಿಂಗಳು, ಉಳಿದದ್ದು ಸರ್ಕಾರದ್ದು ಅಂತ ಎಂಜಿನಿಯರು ಸಮಾಧಾನ ಹೇಳಿಕೊಂಡರು. ನನಗೆ ಸಮಾಧಾನವಾಗಲಿಲ್ಲ. ಆ ಒಂದು ತಿಂಗಳು ನನ್ನದು.

ಅಂತರಜಾಲದಿಂದ ಆ ಆವೃತ್ತಿಯನ್ನು ತೆಗೆದುಹಾಕಿದೆ. ಯಾಕೆ ತೆಗೆದೆ ಅಂತಲೂ ಬರೆದು ಹಾಕಿದೆ: "ಪರೀಕ್ಷೆ ಪೂರ್ಣವಾಗದೆ ಸ್ಥಿರವೆಂದು ಘೋಷಿಸಿದ್ದು ನನ್ನ ತಪ್ಪು." ಸಮ್ಮೇಳನದ ಅಧ್ಯಕ್ಷರು ಫೋನ್ ಮಾಡಿ, "ಹೀಗೆಲ್ಲ ಬಹಿರಂಗವಾಗಿ ಬರೀಬಾರದಾಗಿತ್ತು ತಾಯಿ, ಸೀಡಿ ಚೆನ್ನಾಗೇ ಬಂದಿತ್ತಲ್ಲ, ಬಣ್ಣ ಎಷ್ಟು ಲಕ್ಷಣವಾಗಿತ್ತು" ಅಂದರು. ಬಣ್ಣದ ಬಗ್ಗೆ ನಮ್ಮಿಬ್ಬರಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ.

ಅಲ್ಲಿಂದ ಮುಂದೆ ಸ್ಥಿರದ ಗುಪ್ತಪದವನ್ನು ಬದಲಾಯಿಸಿ ಇಲವಾಲದ ಹೆಂಗಸಿಗೆ ಕೊಟ್ಟೆ. ಅವರು ಮೊದಲು ಬೇಡ ಅಂದರು. "ನಂಗ್ಯಾಕಕ್ಕ ಇದೆಲ್ಲ? ನಾನು ಎಸ್ಸೆಸ್ಸೆಲ್ಸಿ." ನಾನು ಧೂಳು ಒರೆಸುವುದರ ಮೇಲೆ ಬಂದವಳು ಅಂದೆ. ನಕ್ಕು ತೆಗೆದುಕೊಂಡರು. ಅಂತರಜಾಲಕ್ಕಾಗಿ ತಿಂಗಳಿಗೊಂದು ಸಲ ಬಸ್ಸು ಹತ್ತಿ ಗ್ರಂಥಾಲಯಕ್ಕೆ ಬರುತ್ತಿದ್ದರು. ಒಂದು ಹಾಳೆ ಪ್ರಿಂಟ್ ತೆಗೆದು, ಪಂಡಿತರು ಕೊಟ್ಟ ಪದಗಳ ಪಟ್ಟಿ ಪಕ್ಕದಲ್ಲಿಟ್ಟುಕೊಂಡು, ಸಾಲು ಸಾಲಿಗೂ ಬೆರಳಿಟ್ಟು ಓದುತ್ತಿದ್ದರು. ಎಂಜಿನಿಯರು ಬಾಗಿಲ ಹತ್ತಿರ ನಿಂತು, ಆಸ್ಪತ್ರೆಯಲ್ಲಿ ಹೆರಿಗೆ ಕೋಣೆಯ ಹೊರಗೆ ನಿಂತವರ ಹಾಗೆ ಉಗುರು ಕಚ್ಚುತ್ತಿದ್ದರು. "ಇಲ್ಲ ಸಾರ್, ಇನ್ನೊಂದ್ ತಿಂಗ್ಳು ಇರ್ಲಿ" ಅಂದರೆ ಇರಲೇಬೇಕಿತ್ತು. ರ‍್ಯಾಂಕ್ ಸ್ಥಿರವಾಗಲು ಏಳು ತಿಂಗಳು ಹಿಡಿಯಿತು. ಅಷ್ಟರಲ್ಲಿ ದೂರು ಬರೆದಿದ್ದವರ ಮಕ್ಕಳು ಮುಂದಿನ ತರಗತಿಗೆ ಹೋಗಿದ್ದರು.

ಪಂಡಿತರ ವರದಿಗಳನ್ನು ನಾನು ಆಮೇಲೆ ಹಿಂದಿನಿಂದ ಓದತೊಡಗಿದೆ, ಕೊನೆಯ ಪುಟ ಮೊದಲು. ಅವರ ಪದಕೋಶ ಅಚ್ಚಾಗಿ ಬಂತು. ಅದರ ಮುನ್ನುಡಿಯಲ್ಲಿ ನಮ್ಮ ತಂತ್ರಾಂಶಕ್ಕೆ ಎರಡು ಸಾಲು ಕೃತಜ್ಞತೆ, ಮುತ್ತಾತನಿಗೆ ನಾಲ್ಕು ಪುಟ. ನ್ಯಾಯವಾದ ಹಂಚಿಕೆಯೇ.

ಎರಡು ಸಾವಿರದ ದಶಕ ಮುಗಿಯುವ ಹೊತ್ತಿಗೆ ಕಂಪ್ಯೂಟರುಗಳೇ ಕನ್ನಡ ಕಲಿತುಕೊಂಡು ಅಂಗಡಿಗೆ ಬರತೊಡಗಿದವು. ನಮ್ಮದನ್ನು ಇಳಿಸಿಕೊಳ್ಳುವವರು ಕಡಿಮೆಯಾಗುತ್ತ ಹೋದರು. ಒಂದು ಶನಿವಾರ ಎಂಜಿನಿಯರು ಬಂದು, "ನಿಲ್ಲಿಸಿಬಿಡೋಣ್ವಾ ಮೇಡಂ?" ಅಂದರು. ನಿಲ್ಲಿಸೋಣ ಅಂದೆ. ಇನ್ನು ಹೊಸ ಆವೃತ್ತಿ ಇಲ್ಲ ಅಂತ ಒಂದು ಪ್ರಕಟಣೆ ಹಾಕಿದೆವು. ಅವರು ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡರು, ನಾನೂ ಅಷ್ಟೇ. ಇಬ್ಬರೂ ಧೂಳಿನ ಅಲರ್ಜಿ ಅಂತ ಹೇಳಿಕೊಂಡೆವು.

ಒಂದು ತಿಂಗಳಾಗಿರಬಹುದು, ಅವರ ಹೆಂಡತಿ ಗ್ರಂಥಾಲಯಕ್ಕೆ ಫೋನ್ ಮಾಡಿದರು. ಅದಕ್ಕೆ ಮುಂಚೆ ಎಂದೂ ಮಾಡಿದವರಲ್ಲ.

"ಇವರು ರಜಾ ದಿನ ಮನೇಲಿರೋದನ್ನೆಲ್ಲ ಬಿಚ್ಚಿ ಹಾಕ್ತಿದಾರೆ ಮೇಡಂ. ಮಿಕ್ಸಿ ಆಯ್ತು, ಗೋಡೆ ಗಡಿಯಾರ ಆಯ್ತು, ಈಗ ಗೀಸರ್ ಕಡೆ ನೋಡ್ತಿದಾರೆ. ಇನ್ನೊಂದು ಆವೃತ್ತಿ ಏನಾದ್ರೂ ಇದ್ರೆ ಕೊಡಿ ಮೇಡಂ, ಪುಣ್ಯ ಬರುತ್ತೆ."

ನನ್ನ ಹತ್ತಿರ ಆವೃತ್ತಿ ಇರಲಿಲ್ಲ. ಗ್ರಂಥಾಲಯದ ನೀರಿನ ಪಂಪು ಕೆಟ್ಟು ಹದಿನೈದು ದಿನವಾಗಿತ್ತು. ಕಳಿಸಿಕೊಡಿ ಅಂದೆ.